ಎನ್‌ಕ್ರೋಚ್ ಎಂಬ ಮಾತು



ಮುಂದುವರಿದು ನೆಲ ಹಿಡಿಯುವುದು ಎಂಬ ಅರ್ಥವನ್ನು ಕೊಡುವ ಮಾತುಗಳು ಇಂಗ್ಲಿಷಿನಲ್ಲಿ ಹತ್ತಾರು ಉಂಟು. ಅವುಗಳಲ್ಲಿ ಒಂದನ್ನು ಈ ಹೊತ್ತು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಅದು ‘ಎನ್‌ಕ್ರೋಚ್’ ಎಂಬ ಕ್ರಿಯಾಪದ. ಅದರಿಂದ ಹುಟ್ಟಿದ ನಾಮಪದ ‘ಎನ್‌ಕ್ರೋಚ್‌ಮೆಂಟ್’. ಪೇಟೆಯಲ್ಲಿ ಮನೆಯುಳ್ಳವರಿಗೆ ಈ ಮಾತು ಅಪರಿಚಿತವಲ್ಲ. ನೆರೆಮನೆಯವರ ಕಾಂಪೌಂಡು ಗೋಡೆ ಒಂದು ಗೇಣು ಈಚೆಗೆ ಬಂದರೂ, ಅಂಗಡಿಯ ಜಗಲಿ ಚರಂಡಿಯನ್ನು ದಾಟಿ ಬೀದಿಗೆ ಇಳಿದರೂ, ಕೆರೆಯ ಅಂಗಳದಲ್ಲಿ ನಿವೇಶನದ ಕಲ್ಲುಗಳು ಕಾಣಿಸಿಕೊಂಡರೂ ಇಂಗ್ಲಿಷು ಪತ್ರಿಕೆ ಇದೊಂದೇ ಮಾತನ್ನು ಬಳಸುತ್ತದೆ. ಈ ಮೂರೂ ಒಂದೇ ಬಗೆಯ ಕೆಲಸವೆ ಎಂದು ಕೇಳಿದರೆ ಉತ್ತರ ಹೇಳುವುದು ಸುಲಭವಲ್ಲ. ಆ ಕಷ್ಟವನ್ನು ನಾವು ಒಂದು ಸಲ ತರಗತಿಯಲ್ಲಿಯೂ ಇನ್ನೊಂದು ಸಲ ತರಗತಿಯ ಹೊರಗೂ ಅನುಭವಿಸಿದೆವು. ತರಗತಿಯ ಕಥೆಯನ್ನು ಮೊದಲು ಹೇಳುತ್ತೇವೆ.

ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ತಲಕಾಡಿನ ವಿಷಯವಾಗಿ ಒಂದು ಇಂಗ್ಲಿಷು ಲೇಖನವನ್ನು ವಿದ್ಯಾರ್ಥಿಗಳಿಗೆ ಭಾಷಾಂತರಕ್ಕೆ ಕೊಟ್ಟಿದ್ದೆವು. ಮರಳಿನ ದಿಬ್ಬಗಳು ಊರಿನ ಮೇಲೆ ಎನ್‌ಕ್ರೋಚ್ ಮಾಡುತ್ತ ಬಂದುವೆಂದು ಅದರಲ್ಲಿ ಒಂದು ವಾಕ್ಯವಿದ್ದಿತು. ನಾವು ಹಿಂದುಮುಂದು ನೋಡದೆ ಕಪ್ಪು ಹಲಗೆಯ ಮೇಲೆ ‘ಆಕ್ರಮಣ’ ಎಂದು ಬರೆದೆವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗ, ಆ ಸೀಮೆಯವನೇ, ಎದ್ದು ನಿಂತು ‘ಮರಳು ದಂಡೆತ್ತಿ ಬರಾಕಿಲ್ಲ ಸಾರ್, ಒತ್ಕಂಡು ಒತ್ಕಂಡು ಬತ್ತದೆ’ ಎಂದನು. ತರಗತಿ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಹಲಗೆಯ ಮೇಲಿನ ಮಾತು ತಪ್ಪೆಂದೂ, ಹುಡುಗನ ಮಾತಿನಲ್ಲಿ ಇಂಗ್ಲಿಷಿನ ಅರ್ಥ ನಮ್ಮದಕ್ಕಿಂತ ಸರಿಯಾಗಿ ಇಳಿದಿದೆಯೆಂದೂ ಆಗಲೇ ತೋರಿತು. ಮನೆಗೆ ಹೋಗಿ ನಿಘಂಟನ್ನು ತೆರೆದೆವು.

‘ಎನ್‌ಕ್ರೋಚ್’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನಿಂದ. ಅಲ್ಲಿ ‘ಕ್ರೋಕ್’ ಎಂದರೆ ಕೊಕ್ಕೆ. ಕೊಕ್ಕೆ ಹಾಕಿ ಹಿಡಿದುಕೊಳ್ಳುವುದು ಎಂಬುದೇ ಮೂಲಾರ್ಥ. ನಮ್ಮ ಮನೆಗಳಲ್ಲಿ ಹೆಂಗಸರು ಕೊಕ್ಕೆಸೂಜಿಯಿಂದ ದಾರವನ್ನು ಎಳೆದೆಳೆದು ಹೆಣೆಯುವ ಕೆಲಸಕ್ಕೆ ‘ಕ್ರೋಶೆ’ ಎಂದು ಹೆಸರಷ್ಟೆ. ಅದೂ ಇದೇ ಮನೆತನದ ಮಾತು. ಹೆಣೆಯುವವರ ಕೈಯನ್ನು ಗಮನಿಸಿದರೆ ಮೂಲಾರ್ಥದ ಸ್ವಾರಸ್ಯ ತಾನಾಗಿ ತಿಳಿಯುತ್ತದೆ. ಒಂದು ಕುಣಿಕೆಯನ್ನು ಹಿಡಿದಮೇಲೆ ಇನ್ನೊಂದು. ಯಾವ ಕುಣಿಕೆಯೂ ದೊಡ್ಡದಲ್ಲ. ಆದರೂ ಸಂಜೆಯ ಹೊತ್ತಿಗೆ ಬಟ್ಟೆ ಒಂದು ಗೇಣು ಬೆಳೆದಿರುತ್ತದೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದಕ್ಕೆ ಅನ್ಯಾಯವಾಗಿ ವಶಪಡಿಸಿಕೊಳ್ಳುವುದೆಂಬ ಅರ್ಥವೇ ಪ್ರಧಾನವಾಗಿತ್ತು. ಆಗ ಅದು ಕರ್ಮಪದವನ್ನು ನೇರವಾಗಿ ತೆಗೆದುಕೊಳ್ಳುತ್ತಿತ್ತು. ಒಬ್ಬನ ಹೊಲವನ್ನು ಎನ್‌ಕ್ರೋಚ್ ಮಾಡಿದನು ಎಂಬ ರೀತಿ. ಕಾಲಕ್ರಮದಲ್ಲಿ ಕಸಿದುಕೊಳ್ಳುವ ಅಂಶ ಹಿಂದಕ್ಕೆ ಸರಿದು, ಎಲ್ಲೆಯನ್ನು ಮೀರಿ ಸ್ವಲ್ಪಸ್ವಲ್ಪವಾಗಿ ಮುಂದೆ ಬರುವ ಅಂಶ ಮೇಲಾಯಿತು. ಈಗ ಆ ಕ್ರಿಯಾಪದದ ಬೆನ್ನಿಗೆ ‘ಆನ್’ ಅಥವಾ ‘ಅಪಾನ್’ ಬರಬೇಕು. ಪರೀಕ್ಷೆಯ ಉತ್ತರಗಳಲ್ಲಿ ಇದನ್ನು ಮರೆಯುವವರು ಬಹಳ. ಪತ್ರಿಕೆಗಳಲ್ಲಿ ಮರೆಯುವವರೂ ಕಡಮೆಯಿಲ್ಲ.

ಆದುದರಿಂದ ಈ ಮಾತನ್ನು ಸರಿಯಾಗಿ ಬಳಸಬೇಕಾದರೆ ಅಲ್ಲಿ ಒಂದು ಎಲ್ಲೆ ಇರಬೇಕು, ಬರುವುದು ಮೆಲ್ಲಮೆಲ್ಲಗೆ ಬರಬೇಕು, ಬಂದದ್ದು ತಾನಾಗಿ ಹಿಂದಿರುಗಬಾರದು. ಈ ಕಡೆಯ ಅಂಶವನ್ನು ನಿಘಂಟುಗಳು ಬಿಡಿಸಿ ಹೇಳುವುದಿಲ್ಲ. ನಾವು ಬಳಕೆಯಿಂದ ಊಹಿಸಿ ಹೇಳುತ್ತಿದ್ದೇವೆ. ನಂಜನಗೂಡಿನಲ್ಲಿ ಕಪಿಲೆಗೆ ಪ್ರವಾಹ ಬಂದಾಗ ಸ್ನಾನಘಟ್ಟವೂ ಹದಿನಾರು ಕಾಲಿನ ಮಂಟಪವೂ ನೀರಿನಲ್ಲಿ ಮುಳುಗುತ್ತವೆ. ೨೦೧೮ ಮತ್ತು ೨೦೧೯ರ ಆಗಸ್ಟ್ ತಿಂಗಳಲ್ಲಿ ಮಲ್ಲನಮೂಲೆಯ ಮಠದ ಬಳಿ ಹೆದ್ದಾರಿಯ ಮೇಲೆಯೇ ನೀರು ಹರಿದು ಮೈಸೂರಿನ ದಾರಿ ಕಟ್ಟಿಹೋಯಿತು. ನದಿ ದಾರಿಯ ಮೇಲೆ ಎನ್‌ಕ್ರೋಚ್ ಮಾಡಿತೆಂದು ಯಾವ ಇಂಗ್ಲಿಷನೂ ಬರೆಯನು. ಮೊದಲನೆಯದಾಗಿ ಅದು ಬಂದದ್ದು ರಾತ್ರಿ ಬೆಳಗಾಗುವುದರೊಳಗೆ; ಎರಡನೆಯದಾಗಿ ನಾಲ್ಕು ದಿನದಲ್ಲಿ ಇಳಿದು ಹೋಯಿತು. ಬಂದದ್ದು ಹೋಗುವ ಹಾಗಿದ್ದರೆ ಈ ಮಾತು ಒಪ್ಪುವುದಿಲ್ಲ.

ತಲಕಾಡಿನಲ್ಲಾದರೋ ಮಾತು ಹೇಳಿ ಮಾಡಿಸಿದಂತೆ ಒಪ್ಪುತ್ತದೆ. ಗಂಗರ ರಾಜಧಾನಿಯಾಗಿದ್ದ ಆ ಪಟ್ಟಣ ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ಕೈಗೆ ಬಿದ್ದು ರಾಜರಾಜಪುರವೆಂಬ ಹೆಸರನ್ನು ಪಡೆಯಿತು. ಸುಮಾರು ೧೧೧೬ರಲ್ಲಿ ಹೊಯ್ಸಳ ವಿಷ್ಣುವರ್ಧನನು ಅದನ್ನು ಚೋಳರಿಂದ ಗೆದ್ದು ‘ತಲಕಾಡುಗೊಂಡ’ನೆಂಬ ಬಿರುದನ್ನು ತಾಳಿದನು, ಮರುವರ್ಷ ಕೀರ್ತಿನಾರಾಯಣನ ದೇವಾಲಯವನ್ನು ಕಟ್ಟಿಸಿದನು. ಆ ಬಿರುದಿನ ಕ್ರಿಯಾಪದವನ್ನು ಗಮನಿಸಬೇಕು. ಕೊಂಡನು, ಅಷ್ಟೆ. ಒಂದು ಯುದ್ಧ, ಒಂದು ದಿನ, ಒಂದು ಗೆಲವು. ದೊರೆ ಎನ್‌ಕ್ರೋಚ್ ಮಾಡುವವನಲ್ಲ. ಚೋಳರ ಕುದುರೆಗಳು ಗಂಗವಾಡಿಯೊಳಕ್ಕೆ ನುಗ್ಗಿದುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಇನ್‌ರೋಡ್’ ಎಂಬ ಮಾತು ಬೇಕು. ಅಲ್ಲಿ ‘ರೋಡ್’ ಎಂದರೆ ನಾವು ನಡೆಯುವ ರಸ್ತೆಯಲ್ಲ, ಸವಾರಿ. ‘ರೇಡ್’ ಎಂಬ ಮಾತು ಅದರದೇ ಸ್ಕಾಟ್ಲೆಂಡಿನ ರೂಪ. ರಸ್ತೆಯೆಂದು ತಿಳಿದು ‘ಒಳದಾರಿ’ ಎಂದು ಭಾಷಾಂತರ ಮಾಡಿದ ಉತ್ತರಪತ್ರಿಕೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಅಂಥ ದೊರೆಗಳು ಬಂದುಹೋದ ಊರಿನಲ್ಲಿ ನಿಜವಾಗಿ ನೆಲ ಹಿಡಿದದ್ದು ಮರಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿ. ಎಲ್. ರೈಸರು ಮೈಸೂರು ಗೆಜೆಟಿಯರನ್ನು ಬರೆದಾಗ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ, ಮುಖ್ಯವಾಗಿ ನೈರುತ್ಯ ಮಾರುತದ ದಿನಗಳಲ್ಲಿ, ಊರಿನ ಕಡೆಗೆ ಸರಿಯುತ್ತಿದ್ದುವೆಂದೂ ಜನರು ಮನೆಗಳನ್ನು ಬಿಟ್ಟು ಹಿಂದಹಿಂದಕ್ಕೆ ಹೋಗಬೇಕಾಗುತ್ತಿದ್ದಿತೆಂದೂ ದಾಖಲೆ ಮಾಡಿದ್ದಾರೆ. ಮೂವತ್ತಕ್ಕೆ ಮೇಲ್ಪಟ್ಟು ಗುಡಿಗಳು ಮರಳಿನ ಕೆಳಗಿವೆಯೆಂದೂ ಹೇಳಿದ್ದಾರೆ. ಹತ್ತಡಿಯೆಂದರೆ ಏನು? ಒಂದು ಕೋಣೆಯ ಅಗಲ. ಒಂದು ಮುಂಗಾರಿನಲ್ಲಿ ಹಿತ್ತಿಲು ಹೋಯಿತು, ಮರುವರ್ಷ ಅಡುಗೆಮನೆ, ಆಮೇಲೆ ನಡುಮನೆ. ಶತ್ರು ಬಂದರೆ ಬಾಗಿಲು ಹಾಕಿಕೊಳ್ಳಬಹುದು, ಕಾದಾಡಬಹುದು, ಓಡಬಹುದು. ಹೀಗೆ ಬರುವುದನ್ನು ಕಂಡು ಮೊರದಲ್ಲಿ ತುಂಬಿ ಹೊರಕ್ಕೆ ಚೆಲ್ಲುವುದಲ್ಲದೆ ಮತ್ತೇನು ಮಾಡಬಹುದು? ಹೊಯ್ಸಳರ ಗೆಲವಿನ ಗುರುತಾದ ಕೀರ್ತಿನಾರಾಯಣನ ಗುಡಿಯನ್ನೂ ಕಡೆಗೆ ಮರಳಿನಿಂದ ಬಿಡಿಸಬೇಕಾಯಿತು. ಪಂಚಲಿಂಗದರ್ಶನಕ್ಕೆ ಮುಂಚೆ ಪಾತಾಳೇಶ್ವರ ಮರುಳೇಶ್ವರರ ಗುಡಿಗಳ ಮರಳನ್ನು ತೆಗೆಯುವುದು ಹಿಂದೆ ಒಂದು ದೊಡ್ಡ ಕೆಲಸವಾಗಿದ್ದಿತು. ೨೦೧೩ರಲ್ಲಿಯೂ ೨೦೨೦ರಲ್ಲಿಯೂ ನಡೆದ ದರ್ಶನಗಳು ನಮ್ಮ ಕೇಳುಗರಲ್ಲಿ ಅನೇಕರಿಗೆ ನೆನಪಿರಬಹುದು. ಮರುಳೇಶ್ವರನ ಹೆಸರಿಗೂ ಮರಳಿಗೂ ಗಂಟುಹಾಕುವ ಚಾಪಲ್ಯ ನಮಗೂ ಉಂಟಾಯಿತು; ಅದನ್ನು ಅಲ್ಲಿಗೇ ಬಿಡುತ್ತೇವೆ.

ಈ ಮರಳಿಗೆ ಜನರು ಹೇಳುವ ಕಾರಣ ಎಲ್ಲರಿಗೂ ತಿಳಿದದ್ದೇ. ೧೬೧೦ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾದಮೇಲೆ, ಅಲ್ಲಿಂದ ಬಂದಿದ್ದ ತಿರುಮಲರಾಜನ ಪತ್ನಿ ಅಲಮೇಲಮ್ಮನು ಒಡವೆಗಳಿಗಾಗಿ ಬೆನ್ನಟ್ಟಿ ಬಂದವರಿಗೆ ಸಿಕ್ಕದೆ, ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಅರಸುಮನೆತನಕ್ಕೆ ಸಂತಾನಹೀನತೆಯನ್ನೂ ಶಪಿಸಿ ಕಾವೇರಿಗೆ ಹಾರಿದಳೆಂಬ ಐತಿಹ್ಯ. ವಿಜ್ಞಾನಿಗಳು ಬೇರೆ ಕಾರಣವನ್ನು ಹೇಳುತ್ತಾರೆ. ಕಾವೇರಿ ಅಲ್ಲಿ ದೊಡ್ಡದಾಗಿ ಬಳುಕಿ ತಿರುಗುತ್ತದೆ. ತಿರುವಿನ ಒಳದಂಡೆಯಲ್ಲಿ ಮರಳು ನಿಲ್ಲುವುದು ನದಿಗಳ ಸ್ವಭಾವ. ವಿಜಯನಗರದ ಕಾಲದಲ್ಲಿ ಮೇಲುಭಾಗದಲ್ಲಿ ಮಾಧವಮಂತ್ರಿಯ ಅಣೆಕಟ್ಟು ಆದಮೇಲೆ ಕೆಳಗೆ ನೀರು ತಗ್ಗಿ ಆ ಮರಳು ಬಿಸಿಲಿಗೆ ಒಡ್ಡಿಕೊಂಡಿತೆಂದೂ, ಗಾಳಿ ಅದನ್ನು ಹೊತ್ತು ಊರಿನ ಮೇಲೆ ಸುರಿಯಿತೆಂದೂ ಕೆ. ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಈ ವಾದ ನಮಗೆ ಒಪ್ಪಿಗೆಯಾಗಿದೆ. ಒಂದು ಸೀಮೆಯ ಗದ್ದೆಗೆ ನೀರು ಕೊಟ್ಟ ಕಟ್ಟೆ ಇನ್ನೊಂದು ಊರಿಗೆ ಮರಳನ್ನು ಕೊಟ್ಟಿತು. ಯಾರೂ ಬೇಕೆಂದು ಮಾಡಿದ ಕೇಡಲ್ಲ. ಇಂಗ್ಲಿಷಿನ ಮಾತಿನ ಈಗಿನ ಬಳಕೆಯಲ್ಲಿಯೂ ಬುದ್ಧಿಪೂರ್ವಕವಾದ ದ್ರೋಹ ಇರಲೇಬೇಕೆಂಬ ನಿಯಮವಿಲ್ಲ. ಮರಳೂ ಎನ್‌ಕ್ರೋಚ್ ಮಾಡುತ್ತದೆ, ಕಡಲೂ ಮಾಡುತ್ತದೆ, ಕಾಡೂ ಮಾಡುತ್ತದೆ. ಈಚೆಗೆ ದಿಬ್ಬಗಳ ಮೇಲೆ ಸರ್ವೆ, ನೀಲಗಿರಿ ಮುಂತಾದ ಮರಗಳು ಬೇರುಬಿಟ್ಟು ಮರಳಿನ ಓಟವನ್ನು ಬಹುಮಟ್ಟಿಗೆ ಹಿಡಿದಿವೆ.

ಇನ್ನು ‘ಗೇನ್ ಗ್ರೌಂಡ್’ ಎಂಬ ನುಡಿಗಟ್ಟು. ಇದು ಯುದ್ಧಭೂಮಿಯಿಂದ ಬಂದದ್ದು. ಎನ್‌ಕ್ರೋಚ್‌ಮೆಂಟಿನಲ್ಲಿರುವ ತಪ್ಪಿನ ವಾಸನೆ ಇದರಲ್ಲಿ ಇಲ್ಲ. ಒಳ್ಳೆಯ ಅಭಿಪ್ರಾಯವೂ ಗ್ರೌಂಡನ್ನು ಗೇನ್ ಮಾಡಬಹುದು, ರೋಗವೂ ಮಾಡಬಹುದು. ಆದರೆ ಒಬ್ಬನು ಗೆದ್ದ ನೆಲವನ್ನು ಇನ್ನೊಬ್ಬನು ಕಳೆದುಕೊಂಡಿರಬೇಕೆಂಬ ಭಾವ ಅದರಲ್ಲಿ ಅಡಗಿದೆ. ನಂಜನಗೂಡಿನ ರಸಬಾಳೆಯ ಕಥೆಯೇ ಇದಕ್ಕೆ ದೃಷ್ಟಾಂತ. ಆ ಹಣ್ಣಿಗೆ ಪನಾಮಾ ಸೊರಗುರೋಗವೆಂಬ ಶತ್ರು. ರೋಗದ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನಿಂದ ಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಗಿಡವನ್ನು ಕಿತ್ತೆಸೆದರೂ ಮಣ್ಣಿನಲ್ಲಿ ಅದು ಹತ್ತಾರು ವರ್ಷ ಕಾದಿರಬಲ್ಲದು. ಮಧ್ಯ ಅಮೆರಿಕದಲ್ಲಿ ಇದೇ ರೋಗ ‘ಗ್ರೋ ಮಿಷೆಲ್’ ಎಂಬ ಹೆಸರಾಂತ ಬಾಳೆಯ ತೋಟಗಳನ್ನು ಕಳೆದ ಶತಮಾನದ ನಡುವಿನ ಹೊತ್ತಿಗೆ ಅಳಿಸಿಬಿಟ್ಟಿತು. ದೇವರಸನಹಳ್ಳಿಯ ಸುತ್ತ ಪ್ರಸಿದ್ಧವಾಗಿದ್ದ ರಸಬಾಳೆಯ ತೋಟಗಳು ಕುಗ್ಗಿದುದಕ್ಕೆ ಇದು ದೊಡ್ಡ ಕಾರಣ. ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಆದರೆ ನೆಲವೇ ರೋಗದ ವಶವಾಗಿರುವಾಗ ಹೆಸರಿಗೆ ಬಂದ ಮಾನ್ಯತೆಯಿಂದ ಬೇರಿಗೆ ಏನು ಉಪಕಾರ? ರೋಗವು ಗ್ರೌಂಡನ್ನು ಗೇನ್ ಮಾಡಿತೆಂಬ ಮಾತು ಇಲ್ಲಿ ಅಲಂಕಾರವಲ್ಲ, ಅಕ್ಷರಶಃ ಸತ್ಯ. ಕನ್ನಡದಲ್ಲಿ ‘ರೋಗ ಬಲಿತಿತು’, ‘ಹಬ್ಬಿತು’, ‘ನೆಲೆಯೂರಿತು’ ಎನ್ನುತ್ತೇವೆ. ಮೂರೂ ಗಿಡದ ಬಾಳಿನಿಂದ ಬಂದ ಮಾತುಗಳೆಂಬುದು ಯೋಚಿಸತಕ್ಕ ಸಂಗತಿ. ನಾವು ಬೇಸಾಯದವರ ಭಾಷೆಯವರು. ಇಂಗ್ಲಿಷರು ದಂಡಿನವರ, ಹಡಗಿನವರ ಭಾಷೆಯವರು. ‘ಹೆಡ್‌ವೇ’ ಎಂಬುದು ಹಡಗಿನವರದು. ಎದುರು ನೀರಿನಲ್ಲಿ ಹರಿಗೋಲು ಮುಂದಕ್ಕೆ ಸಾಗಿದರೆ ಅದು ಹೆಡ್‌ವೇ. ಅದರಲ್ಲಿ ಯಾರ ನೆಲವೂ ಹೋಗುವುದಿಲ್ಲ. ಅದರ ಮಾತು ಇಷ್ಟು ಸಾಕು.

ನೆಲ ಹಿಡಿಯುವುದಕ್ಕೆ ನಮ್ಮಲ್ಲಿರುವ ಮಾತುಗಳನ್ನು ಈಗ ನೋಡೋಣ. ‘ಅತಿಕ್ರಮಣ’, ‘ಆಕ್ರಮಣ’ ಇವೆರಡೂ ಸಂಸ್ಕೃತದ ‘ಕ್ರಮ್’ ಧಾತುವಿನಿಂದ ಹುಟ್ಟಿದುವು. ಹೆಜ್ಜೆಯಿಡುವುದು ಅದರ ಅರ್ಥ. ಎಲ್ಲೆಯನ್ನು ದಾಟಿ ಹೆಜ್ಜೆಯಿಟ್ಟರೆ ಅತಿಕ್ರಮಣ. ಮೇಲೆಯೇ ಹೆಜ್ಜೆಯಿಟ್ಟರೆ ಆಕ್ರಮಣ. ‘ಅಕ್ರಮ ಸಕ್ರಮ’ ಎಂದು ಕಛೇರಿಗಳಲ್ಲಿ ಕೇಳಿಬರುವ ಜೋಡಿಮಾತೂ ಆ ಹೆಜ್ಜೆಯ ಮನೆಯದೇ. ‘ಒತ್ತುವರಿ’ ಎಂಬುದು ಅಚ್ಚಗನ್ನಡದ ‘ಒತ್ತು’ ಧಾತುವಿನದು. ಜಾತ್ರೆಯಲ್ಲಿ ಹಿಂದಿನವನು ಹೆಗಲಿನಿಂದ ಒತ್ತಿದರೆ ನಮಗೆ ತಿಳಿಯದೆಯೇ ನಾವು ಒಂದು ಹೆಜ್ಜೆ ಸರಿದಿರುತ್ತೇವೆ. ಹೊಡೆದನೆಂದು ದೂರುವ ಹಾಗಿಲ್ಲ, ನಿಂತ ಜಾಗ ಮಾತ್ರ ಹೋಗಿರುತ್ತದೆ. ಹೊಲದಲ್ಲಿಯೂ ಹೀಗೆಯೇ. ಉಳುವವನು ಪ್ರತಿವರ್ಷವೂ ನೇಗಿಲನ್ನು ಬದುವಿಗೆ ಒಂದು ಬೆರಳು ತಾಗಿಸಿ ತಿರುಗಿಸಿದರೆ ಹತ್ತು ವರ್ಷದಲ್ಲಿ ಬದು ಅತ್ತ ಸರಿಯುತ್ತದೆ. ಆಮೇಲೆ ಸರ್ವೆಯವರು ಬಂದು ಸರಪಳಿ ಎಳೆದು, ಬಾಂದುಕಲ್ಲನ್ನು ಹುಡುಕಿ, ಹದ್ದುಬಸ್ತು ಮಾಡಬೇಕು. ಇಂಗ್ಲಿಷಿನವನು ಕೊಕ್ಕೆಯನ್ನು ಕಂಡ ಕಡೆ ಕನ್ನಡಿಗನು ಹೆಗಲನ್ನು ಕಂಡನು. ನಮ್ಮ ಹುಡುಗನು ‘ಒತ್ಕಂಡು ಬತ್ತದೆ’ ಎಂದಾಗ ಈ ಮಾತಿನ ಜೀವಾಳವನ್ನೇ ಹಿಡಿದಿದ್ದನು.

ಮೂರನೆಯದು ‘ಕಬಳಿಕೆ’. ಕಬಳವೆಂದರೆ ತುತ್ತು. ಒತ್ತುವವನು ಬದುವನ್ನು ಸರಿಸಿದರೆ ಕಬಳಿಸುವವನು ಹೊಲವನ್ನೇ ನುಂಗುತ್ತಾನೆ. ಸುಳ್ಳು ಕಾಗದ, ಬಲ, ಹಣ ಇವೆಲ್ಲ ಅದರ ಬಾಯಿಗೆ ಹಲ್ಲುಗಳು. ೨೦೧೧ರ ಕಾಯಿದೆಯೊಂದಕ್ಕೆ ‘ಕರ್ನಾಟಕ ಭೂ ಕಬಳಿಕೆ ನಿಷೇಧ ಅಧಿನಿಯಮ’ವೆಂದು ಹೆಸರಿಟ್ಟವರು ಮಾತನ್ನು ಬಲ್ಲವರೆಂದೇ ನಾವು ಎಣಿಸುತ್ತೇವೆ. ಹಳೆಯ ಶಾಸನಗಳಲ್ಲಿ ದಾನದ ಭೂಮಿಯನ್ನು ಅಪಹರಿಸಿದವನಿಗೆ ಹುಳುವಿನ ಜನ್ಮವನ್ನು ವಿಧಿಸುವ ಶಾಪ ಬರುವುದಷ್ಟೆ. ಅದೂ ಇಂಥ ನುಂಗುವವನಿಗೇ ಹೊರತು ಬೆರಳಗಲ ಬದು ಸರಿಸಿದ ರೈತನಿಗಲ್ಲ.

ಇವೆಲ್ಲಕ್ಕಿಂತ ಬೇರೆಯಾದದ್ದು ‘ಬಗರ್ ಹುಕುಂ’. ಪಾರಸಿಯವರ ಈ ಮಾತಿಗೆ ಅಪ್ಪಣೆಯಿಲ್ಲದೆ ಎಂದಿಷ್ಟೇ ಅರ್ಥ. ಗೋಮಾಳದ ಅಂಚಿನಲ್ಲಿ ಕಲ್ಲು ಆರಿಸಿ, ಜಾಲಿ ಕಡಿದು, ಹುರುಳಿಯನ್ನೋ ರಾಗಿಯನ್ನೋ ಬಿತ್ತಿ ಬದುಕಿದ ಬಡವನ ಸಾಗುವಳಿಗೆ ಈ ಹೆಸರು. ಅದರಲ್ಲಿ ಕೊಕ್ಕೆಯೂ ಇಲ್ಲ, ಹೆಗಲೂ ಇಲ್ಲ, ತುತ್ತೂ ಇಲ್ಲ. ಹುಕುಂ ಇಲ್ಲವೆಂಬುದೊಂದೇ ಕೊರತೆ. ೧೯೬೪ರ ಭೂಕಂದಾಯ ಕಾಯಿದೆ ಇದನ್ನು ಸಕ್ರಮಗೊಳಿಸಲು ಅವಕಾಶವನ್ನು ಇಟ್ಟುಕೊಂಡಿದೆ; ನಮೂನೆ ೫೦, ೫೩, ೫೭ ಎಂಬ ಸಂಖ್ಯೆಗಳು ಹಳ್ಳಿಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಆ ಕಾಯಿದೆಯ ಇಂಗ್ಲಿಷು ಪಾಠದಲ್ಲಿ ೯೪ನೆಯ ಮತ್ತು ೯೪-ಎ ಪ್ರಕರಣಗಳು ಬಳಸುವ ಮಾತು ‘ಅನಾಥರೈಸ್ಡ್ ಆಕ್ಯುಪೇಷನ್’. ಅಧಿಕಾರಪತ್ರವಿಲ್ಲದ ಸ್ವಾಧೀನ ಎಂದು ಅರ್ಥ.

ಇದನ್ನು ನಾವು ಕಲಿತದ್ದು ನಿಘಂಟಿನಿಂದಲ್ಲ. ತರಗತಿಯ ಹೊರಗಿನ ಕಥೆ ಎಂದು ಮೊದಲಿಗೆ ಹೇಳಿದೆವಲ್ಲ, ಅದು ಇದು. ನಂಜನಗೂಡು ತಾಲ್ಲೂಕಿನ ಒಬ್ಬ ವಯಸ್ಸಾದ ರೈತರು, ನಮ್ಮ ತಂದೆಯವರ ಕಾಲದಿಂದ ಪರಿಚಿತರು, ಒಂದು ದಿನ ಮನೆಗೆ ಬಂದರು. ಅವರ ತಂದೆ ಹಸನುಮಾಡಿದ ಮೂರು ಎಕರೆ ಗೋಮಾಳವನ್ನು ಬಿಡಬೇಕೆಂದು ನೋಟೀಸು ಬಂದಿದ್ದಿತು; ಸಕ್ರಮದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಹೈಕೋರ್ಟಿನ ವಕೀಲರಿಗೆ ಕೊಡಲು ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡಬೇಕೆಂದು ಕೇಳಿದರು. ‘ನೀವು ಓದ್ದೋರು ಮೇಷ್ಟ್ರೆ, ನಂಗೆ ಗೊತ್ತಿರೋದು ಉಳೋದು ಒಂದೇಯ’ ಎಂದರು. ನಾವು ಎರಡು ಪುಟ ಬರೆದೆವು. ಇಂಗ್ಲಿಷು ಚೆನ್ನಾಗಿಯೇ ಇದ್ದಿತು. ಅದರ ಮೂರನೆಯ ವಾಕ್ಯದಲ್ಲಿ, ಈ ಅರ್ಜಿದಾರರ ತಂದೆಯು ಇಂಥ ಸರ್ವೆ ನಂಬರಿನ ಸರ್ಕಾರೀ ಜಮೀನಿನ ಮೇಲೆ ಎನ್‌ಕ್ರೋಚ್ ಮಾಡಿದರೆಂದೂ ಅಂದಿನಿಂದ ಕುಟುಂಬದವರು ಹಾಗೆಯೇ ಮಾಡುತ್ತ ಬಂದಿದ್ದಾರೆಂದೂ ಬರೆದಿದ್ದೆವು. ಪತ್ರಿಕೆಗಳಲ್ಲಿ ದಿನವೂ ಕಾಣುವ ಮಾತು; ಕೈಗೆ ತಾನಾಗಿ ಬಂದಿತು.

ವಕೀಲರು ಅದನ್ನು ಓದಿ ದೂರವಾಣಿಯಲ್ಲಿ ನಮ್ಮನ್ನು ಕರೆದು ‘ಏನು ಸ್ವಾಮಿ, ನಮ್ಮ ಕಕ್ಷಿಗಾರರ ಬಾಯಲ್ಲಿ ನೀವೇ ತಪ್ಪೊಪ್ಪಿಗೆ ಬರೆಸಿಬಿಟ್ಟಿದ್ದೀರಲ್ಲ’ ಎಂದರು. ಅವರು ವಿವರಿಸಿದ ಮೇಲೆ ನಮಗೆ ಬೆವರು ಇಳಿಯಿತು. ರೈತರು ಹೇಳಿದ್ದು ‘ಉತ್ತುಕೊಂಡು ಬಂದಿದೀವಿ’ ಎಂದು. ಉಳುವುದನ್ನು ನಾವು ಒತ್ತುವುದನ್ನಾಗಿ ಮಾಡಿದ್ದೆವು. ಅವರು ಒಂದು ಅಕ್ಷರವನ್ನೂ ಓದಲಾರದೆ, ನಮ್ಮ ಮೇಲಿನ ನಂಬಿಕೆಯಿಂದ ಎರಡು ಪುಟದ ಕೆಳಗೂ ಹೆಬ್ಬೆಟ್ಟು ಒತ್ತಿದ್ದರು. ಕಾಗದ ವಕೀಲರ ಮೇಜನ್ನು ದಾಟಿ ಮುಂದೆ ಹೋಗಿರಲಿಲ್ಲವೆಂಬುದು ಪುಣ್ಯ.

ಎರಡನೆಯ ಸಲ ಬರೆದಾಗ ಆ ಕ್ರಿಯಾಪದವನ್ನು ತೆಗೆದು, ಸರ್ಕಾರದ ಮಂಜೂರಾತಿ ಇಲ್ಲದೆ ಸಾಗುವಳಿ ಮಾಡಿಕೊಂಡು ಬಂದಿದ್ದಾರೆಂದೂ ಸಕ್ರಮದ ಅರ್ಜಿ ಇತ್ಯರ್ಥವಾಗಿಲ್ಲವೆಂದೂ ಬರೆದು, ಕಾಯಿದೆಯದೇ ಆದ ‘ಅನಾಥರೈಸ್ಡ್ ಆಕ್ಯುಪೇಷನ್’ ಎಂಬ ಮಾತನ್ನು ಒಂದೇ ಒಂದು ಕಡೆ ಇಟ್ಟೆವು. ಈ ಸಲ ವಾಕ್ಯ ವಾಕ್ಯವನ್ನೂ ಕನ್ನಡದಲ್ಲಿ ಅವರಿಗೆ ಓದಿ ಹೇಳಿದೆವು. ಮೂರನೆಯ ವಾಕ್ಯ ಬಂದಾಗ ಅವರು ತಡೆದು, ಅದರಲ್ಲಿ ಜಾಲಿ ಕಡಿದದ್ದನ್ನೂ ಕಲ್ಲು ಆರಿಸಿದ್ದನ್ನೂ ಸೇರಿಸಿ ಎಂದರು. ಸೇರಿಸಿದೆವು. ಆಮೇಲೆ ಹೆಬ್ಬೆಟ್ಟು ಹಾಕಿದರು.